ಹುಟ್ಟುವ ಮೊದಲೇ ಬಂದ ಅಂಕಪಟ್ಟಿ

ಮೂವತ್ತು ವರ್ಷ ಮಳವಳ್ಳಿಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ನನಗೆ ಅಂಕಿ ಕಂಡು ಭಯವಾಯಿತು ಎಂದರೆ ನೀವು ನಗುತ್ತೀರಿ. ನಗಿ. ಮಗಳು ಲತಾಳ ಎಂಟನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟನ್ನು ನಾನು ಮೂರು ಸಲ ಓದಿದೆ. ಮಗುವಿನ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ. ಕೊನೆಗೆ, ತಕ್ಕಡಿಗೆ ಹಾಕದೆಯೇ ಕಂಡುಹಿಡಿದ ತೂಕ. ಅಷ್ಟೇ ದಿನದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಮ್ಮದು ಹಿಂದಿನಿಂದ ನಾಲ್ಕನೆಯದಂತೆ. ಇನ್ನೂ ಕಣ್ಣು ಬಿಡದ ಕೂಸಿಗೆ ಆಗಲೇ ರ‍್ಯಾಂಕು! ಎಷ್ಟೋ ಮಕ್ಕಳ ಅಂಕಪಟ್ಟಿಗೆ ಕೆಂಪು ಗೆರೆ ಎಳೆದವನು ನಾನು. ಅದನ್ನು ನೋಡಿದ ಮನೆಯವರ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಯೋಚಿಸಿದವನಲ್ಲ.

ಮನೆಯಲ್ಲಿ ಕಾರಣ ಹುಡುಕುವ ಕೆಲಸ ಶುರುವಾಯಿತು. ನನ್ನ ಹೆಂಡತಿ, ಲತಾ ಬೈಕಿನಲ್ಲಿ ಮದ್ದೂರಿಗೆ ಹೋಗಿಬಂದದ್ದನ್ನು ಹಿಡಿದಳು. ಬೀಗಿತ್ತಿ ಫೋನಿನಲ್ಲಿ ಗ್ರಹಣವನ್ನು ಹಿಡಿದರು. ನಾನು ಸೂತ್ರವೇ ತಪ್ಪಿರಬೇಕೆಂದು ಎರಡು ಹಾಳೆ ತುಂಬ ಲೆಕ್ಕ ಹಾಕಿದೆ. ಲತಾ ಮಾತ್ರ ಯಾರನ್ನೂ ದೂರಲಿಲ್ಲ. “ನಾನೇ ಸರ್ಯಾಗಿ ಉಣ್ಣಲಿಲ್ಲ ಕಣಪ್ಪ” ಎಂದು ತಲೆ ತಗ್ಗಿಸಿ ಕೂತಳು. ನನಗೆ ಸಂಕಟವಾದದ್ದು ಅದಕ್ಕೆ.

ಮಂಡ್ಯದ ಡಾಕ್ಟರಮ್ಮ ಬಿಡಿಸಿ ಹೇಳಿದರು: ಊಟದ ತಪ್ಪಲ್ಲ, ಗರ್ಭದಲ್ಲಿ ಮಗುವನ್ನು ಪೋಷಿಸುವ ಮಾಸಿನಿಂದ ಅದಕ್ಕೆ ಸಾಕಷ್ಟು ರಕ್ತ ಹೋಗುತ್ತಿಲ್ಲ. ವಾರಕ್ಕೆರಡು ಸಲ ಹೊಕ್ಕುಳಬಳ್ಳಿಯ ಹರಿವು ನೋಡಬೇಕು, ತೀರಾ ಕುಗ್ಗಿದರೆ ದಿನ ತುಂಬುವ ಮೊದಲೇ ಮಗುವನ್ನು ಹೊರತೆಗೆಯಬೇಕು. ನಾನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿದೆ. ನಿಜವಾಗಿ ಅರ್ಥವಾದದ್ದು ಜೊತೆಗೆ ಬಂದಿದ್ದ, ಕೊತ್ತತ್ತಿಯಲ್ಲಿ ಗದ್ದೆ ಮಾಡುವ ನನ್ನ ಅಕ್ಕನಿಗೆ.

“ನಾಲೆ ಕೊನೆ ಗದ್ದೆ ಇದ್ದಂಗೆ ಕಣವ್ವ” ಎಂದಳು ಲತಾಳಿಗೆ. “ನೀರು ಬರ್ದೇ ಓದ್ರೆ ಪೈರು ಗಿಡ್ಡ ಆಯ್ತದೆ. ಅದ್ಕೆ ಬಿತ್ತಿದೋಳು ಏನ್ ಮಾಡಾಳು? ಸಸಿ ಒಣಗ್ತದೆ ಅಂದ್ರೆ ದಿನ ಎಣುಸ್ಕಂಡು ಕೂತ್ಕತೀವಾ? ಕಿತ್ತು ಬ್ಯಾರೆ ಕಡೆ ನಾಟಿ ಆಕ್ತೀವಿ, ಬುಡು.”

ಡಾಕ್ಟರಮ್ಮ ನಕ್ಕು, ಅಷ್ಟೇ ವಿಷಯ ಎಂದರು. ಮೂರು ದಿನದಲ್ಲಿ ಮೊದಲ ಸಲ ಲತಾ ತಲೆ ಎತ್ತಿದಳು.

ನಾಲ್ಕನೇ ಸ್ಕ್ಯಾನಿನಲ್ಲಿ ಹರಿವು ಕುಗ್ಗಿತ್ತು. ಅಂದೇ ಮಧ್ಯಾಹ್ನ ಆಪರೇಷನ್. ಹೆಣ್ಣುಮಗು, ಒಂದು ಕೆ.ಜಿ. ಎಂಟುನೂರು ಗ್ರಾಂ. ಬೆಚ್ಚನೆಯ ಗಾಜಿನ ಪೆಟ್ಟಿಗೆಗೆ ಒಯ್ದರು. ಉಸಿರಾಟ ಚೆನ್ನಾಗಿದೆ ಎಂದರು.

ವಾರ್ಡಿಗೆ ಬಂದ ಲತಾ ಮಂಪರಿನಲ್ಲೇ ನನ್ನ ಅಕ್ಕನನ್ನು ಕೇಳಿದಳು: “ಅತ್ತೆ, ಮಗು ಅಳ್ತಾ?”

“ಅಳ್ತು ಕಣವ್ವ, ಆಸ್ಪತ್ರೆಗೆಲ್ಲ ಕೇಳಂಗೆ. ಅದು ನಿಲ್ಸುದ್ ಮ್ಯಾಲೆ ನಿಮ್ಮಪ್ಪ ಸುರು ಮಾಡ್ದ.”

ನಮ್ಮಕ್ಕ ಸುಳ್ಳು ಹೇಳುವವಳಲ್ಲ.