ಮೊಡವೆ ನೋಡಿ ಹೊರಗಟ್ಟಿದ ವಸ್ತಾದರು

ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರ ಎರಡೂ ಕಿವಿಗಳು ಕಣದಲ್ಲಿ ಜಜ್ಜಿ ಮುದುಡಿಹೋಗಿದ್ದವು. ಕನ್ನಡಕದ ಕಡ್ಡಿ ನಿಲ್ಲದೆ, ದಾರ ಕಟ್ಟಿ ತಲೆಗೆ ಸುತ್ತಿಕೊಳ್ಳುತ್ತಿದ್ದರು. ಖಾನಾಪುರದ ಗರಡಿಮನೆಯಲ್ಲಿ ಅವರು ಕೂತಿದ್ದನ್ನು ನಾನು ನೋಡಿಲ್ಲ. ಕಣದ ಸುತ್ತ ತಿರುಗುತ್ತಲೇ ಬೈಯುತ್ತಿದ್ದರು. ಅವರು ಹಣೆಗೆ ಚಿಟಿಕೆ ಮಣ್ಣು ಹಚ್ಚದೆ ಯಾರೂ ಕಣಕ್ಕೆ ಇಳಿಯುವಂತಿರಲಿಲ್ಲ. ಹತ್ತಿರದ ಬೀಡಿ ಎಂಬ ಊರಿನಿಂದ ಬರುತ್ತಿದ್ದ ನಾನೊಬ್ಬಳೇ ಅಲ್ಲಿ ಹುಡುಗಿ. ಮಣ್ಣೂ ಬೈಗುಳವೂ ನನಗೆ ತುಸು ಜಾಸ್ತಿಯೇ ಸಿಗುತ್ತಿದ್ದವು.

ನನಗೆ ಕಿಡ್ನಿ ಕಾಯಿಲೆ ಬಂದು ಮೈಯೆಲ್ಲ ಬಾತುಕೊಂಡಿತು. ಬೆಳಗಾವಿಯ ಡಾಕ್ಟರು ಸ್ಟಿರಾಯ್ಡ್ ಗುಳಿಗೆ ಕೊಟ್ಟರು. ಮೈಯ ಬಾವು ಇಳಿಯಿತು, ಆದರೆ ಮುಖ, ಕತ್ತು, ಹೆಗಲ ತುಂಬ ಒಂದೇ ಅಳತೆಯ ಕೆಂಪು ಮೊಡವೆಗಳೆದ್ದವು. ಹುಷಾರಾದೆನೆಂದು ಗರಡಿಗೆ ಹೋದೆ. ಮಣ್ಣು ಹಿಡಿದ ವಸ್ತಾದರ ಕೈ ಅರ್ಧಕ್ಕೇ ನಿಂತಿತು.

“ಯಾರ ಕೊಟ್ರು ಸೂಜಿ?”

“ಸೂಜಿ ಅಲ್ರೀ, ಸ್ಟಿರಾಯ್ಡ್ ಗುಳಿಗಿ. ಡಾಕ್ಟರ್ ಕೊಟ್ಟಾರ್ರಿ.”

ಆ ಶಬ್ದವೊಂದೇ ಸಾಕಾಯಿತು. ಅವರ ಮೆಚ್ಚಿನ ಶಿಷ್ಯನೊಬ್ಬ ಮೈ ಬೆಳೆಸಲು ಸ್ಟಿರಾಯ್ಡ್ ಸೂಜಿ ಚುಚ್ಚಿಸಿಕೊಂಡು ಸತ್ತಿದ್ದ.

“ಅವನ ಬೆನ್ನ ಮ್ಯಾಲೂ ಇಂಥಾವ ಎದ್ದಿದ್ವು. ನಡಿ ಹೊರಗ!”

ನನಗೂ ಸಿಟ್ಟು ನೆತ್ತಿಗೇರಿತು. “ನಾಳಿಂದ ಗುಳಿಗಿ ಬಿಡ್ತೀನ್ರಿ. ಮೊಡವಿ ಹೋದ ಮ್ಯಾಲರ ಮಣ್ಣ ಹಚ್ತೀರೋ ಇಲ್ಲೋ?”

ಅವರಿಗೆ ಏನನಿಸಿತೋ, ಅಂಗಿಯ ಗುಂಡಿಯನ್ನೂ ಹಾಕದೆ ನನ್ನನ್ನು ಬೆಳಗಾವಿ ಬಸ್ಸಿಗೆ ಹತ್ತಿಸಿದರು. ಸೀಟು ಖಾಲಿಯಿದ್ದರೂ ನಿಂತೇ ಬಂದರು. ಡಾಕ್ಟರ ಮುಂದೆಯೂ ಕೂರಲಿಲ್ಲ.

“ಖರೇ ಹೇಳ್ರಿ, ಈ ಗುಳಿಗಿ ಹುಡುಗೀನ ಕೊಲ್ತೈತೋ ಉಳಸ್ತೈತೋ?”

ಮೈ ಬೆಳೆಸುವ ಸ್ಟಿರಾಯ್ಡ್ ಬೇರೆ, ಇದು ಬೇರೆ ಎಂದರು ಡಾಕ್ಟರು. ಮೊಡವೆ ಗುಳಿಗೆಯಿಂದಲೇ ಬಂದಿವೆ, ಗುಳಿಗೆ ಇಳಿಸುತ್ತ ಹೋದಂತೆ ಅವೂ ಹೋಗುತ್ತವೆ. ಒಮ್ಮೆಲೇ ಬಿಟ್ಟರೆ ಮಾತ್ರ ಜೀವಕ್ಕೇ ಅಪಾಯ. ಗುಳಿಗೆ ಮುಗಿಯುವ ತನಕ ಕುಸ್ತಿ ಬೇಡ.

ಮರುದಿನ ವಸ್ತಾದರು ಎಲ್ಲರೆದುರು ಹೇಳಿದರು: “ನಾನ ತಪ್ಪ ತಿಳಿದಿದ್ದೆ. ಈಕಿ ಮೊಡವಿ ಬಗ್ಗೆ ಯಾರರ ಬಾಯಿ ಬಿಟ್ರ ಜ್ವಾಕಿ!” ನನ್ನತ್ತ ತಿರುಗಿ, “ಗುಳಿಗಿ ಮುಗಿದ ದಿನ ನಾನ ಮಣ್ಣ ಹಚ್ತೀನಿ, ಯವ್ವಾ” ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ ಫೋನು. “ನುಂಗಿದೇನ?” ಹೂಂ ಎನ್ನುವಷ್ಟರಲ್ಲಿ ಇಟ್ಟುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಫೋನು ಬರಲಿಲ್ಲ. ರಾತ್ರಿ ಎದೆನೋವು ಬಂದು ವಸ್ತಾದರು ತೀರಿಹೋಗಿದ್ದರು. ಸುದ್ದಿ ಕೇಳಿ, ಗುಳಿಗೆ ನುಂಗಿಯೇ ಅವರ ಮನೆಗೆ ಓಡಿದೆ. ಮಾತು ಕೊಟ್ಟು ನಡೆಸದೆ ಹೋದರಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಗುಳಿಗೆ ಮುಗಿದ ದಿನ ಗರಡಿಗೆ ಹೋದೆ. ಮೊಡವೆ ಮಾಯವಾಗಿದ್ದವು. ಹಿರಿಯರೊಬ್ಬರು ಮಣ್ಣು ಹಚ್ಚಲು ಬಂದರು. ಇವತ್ತು ಬೇಡವೆಂದೆ. ಕಟ್ಟೆಯ ಮೇಲೆ ಕೂರೆಂದರು. ಕೂರಲಾಗಲಿಲ್ಲ. ಬರಿ ಹಣೆಯಲ್ಲೇ ಕಣದ ಸುತ್ತ ತಿರುಗುತ್ತ ಉಳಿದೆ.