ಹೊಳೆಯುತ್ತ ಮರಳಿದ ಬಾಕು

ಗಾಂಧಿ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ, ರೈತರು ಮಾರಲು ತರುವ ತೊಗರಿ ಪರೀಕ್ಷಿಸುವುದು ನನ್ನ ಕೆಲಸ. ಚೀಲದ ಬಾಯಲ್ಲಿ ಕಾಣುವ ಕಾಳನ್ನು ನಾನು ನಂಬುವುದಿಲ್ಲ. ನಡುವಿಗೆ ಕೊಳವೆ ಚುಚ್ಚಿ ಒಳಗಿನದನ್ನು ತೆಗೆದು ನೋಡುತ್ತೇನೆ. ಈ ಬುದ್ಧಿ ಅಂಗಡಿ ಮುಚ್ಚಿದ ಮೇಲೂ ನನ್ನ ಬೆನ್ನು ಬಿಡುವುದಿಲ್ಲ.

ಅಪ್ಪ ಫೌಜಿನಿಂದ ನಿವೃತ್ತನಾಗಿ ನಮ್ಮೂರು ಠಾಣಾ ಕುಶನೂರಿಗೆ ಬರುವಾಗ ದಂಡಿನ ಬಜಾರಿನಲ್ಲಿ ಒಂದು ಬಾಕು ಕೊಂಡು ತಂದಿದ್ದ, ಸೈನಿಕರು ಸೊಂಟಕ್ಕೆ ಕಟ್ಟುವಂಥದ್ದೇ. ಬಿಸಿಲಿಗೆ ಮಿಂಚಿ ಶತ್ರುವಿಗೆ ಸುಳಿವು ಸಿಗಬಾರದೆಂದು ಅಲಗು ಕಪ್ಪಗಿತ್ತು. ಅಪ್ಪ ಅದರಿಂದಲೇ ಹಗ್ಗ ಕೊಯ್ದ, ಎಣ್ಣೆ ಡಬ್ಬಿ ತೆರೆದ, ಹಿಡಿಯ ತುದಿಯಿಂದ ಮೊಳೆ ಬಡಿದ, ಬೇಲಿಯ ತಂತಿ ತುಂಡರಿಸಿದ. ತಂತಿಯಿಂದ ಅಲಗಿಗೆ ಒಂದು ಕಚ್ಚು ಬಿತ್ತೇ ಹೊರತು ಬಾಕು ಬಾಗಲಿಲ್ಲ.

ನಮ್ಮಲ್ಲಿ ಮದುಮಗ ನಿಂಬೆಹಣ್ಣು ಚುಚ್ಚಿದ ಕಠಾರಿ ಹಿಡಿದಿರಬೇಕು. ತಂಗಿಯ ಮದುವೆಯಲ್ಲಿ ಅದಕ್ಕಾಗಿ ಅಪ್ಪನ ಬಾಕನ್ನೇ ಹಲಬರ್ಗಾದ ಬೀಗರಿಗೆ ಕಳಿಸಿದೆವು. ಮರಳಿ ಬಂದದ್ದು ಹೊಸ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತಿತ್ತು. ಕಚ್ಚೂ ಇರಲಿಲ್ಲ. ಬೀಗರು ಬದಲಾಯಿಸಿದ್ದಾರೆ ಎಂದುಕೊಂಡೆ. ಅಪ್ಪ ಮಾತ್ರ ಎಂದಿನಂತೆ ಅದನ್ನು ಬಳಸತೊಡಗಿದ. ಅವನ ಕಣ್ಣು ಮಂಜಾಗಿದೆ, ತಿಳಿದರೆ ನೊಂದುಕೊಳ್ಳುತ್ತಾನೆ ಎಂದುಕೊಂಡು ನಾನು ಅವನಿಗೆ ಹೇಳಲಿಲ್ಲ.

ಒಂದು ದಿನ ಭಾಲ್ಕಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹಲಬರ್ಗಾದಲ್ಲಿ ತಂಗಿಯ ಮನೆ ಸೇರಿದೆ. ಅವಳು ಚಹಾ ಮಾಡುವಷ್ಟರಲ್ಲಿ ಗೋಡೆಯ ಮಾಡಗಳನ್ನೆಲ್ಲ ಕಣ್ಣಲ್ಲೇ ಜಾಲಾಡಿದೆ.

“ನಮ್ಮಪ್ಪನ ಬಾಕು ಎಲ್ಲಿ ಇಟ್ಟೀರಿ? ಮಾರಿದ್ರ ಹೇಳ್ರಿ,” ಎಂದು ಅವಳ ಗಂಡನನ್ನು ಕೇಳಿಯೇಬಿಟ್ಟೆ.

ಚಹಾ ತಂದ ತಂಗಿ ಬಾಗಿಲಲ್ಲೇ ನಿಂತಳು. ಅವನು ತಲೆ ತಗ್ಗಿಸಿದ. ಅವನ ತಾಯಿ ಮುಂದೆ ಬಂದಳು.

“ಮದುಮಗನ ಕೈಯಾಗ ಕರೀದು ಶುಭ ಅಲ್ರಿ. ಹುಣಸಿಹಣ್ಣು, ಬೂದಿ ಹಚ್ಚಿ ಮೂರು ದಿನ ನಾನೇ ತಿಕ್ಕೀನಿ. ಸಾಣಿನೂ ಹಿಡಿಸೀವ್ರಿ.”

ನಾನು ಅದನ್ನೂ ನಂಬಲಿಲ್ಲ. ಚಹಾ ಮುಟ್ಟದೆ ಎದ್ದು ಬಂದೆ.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಬಾಕಿನ ಹಿಡಿಗೆ ಸುತ್ತಿದ್ದ ದಾರ ಬಿಚ್ಚಿದ. ಒಳಗಿನ ಕಬ್ಬಿಣದ ಮೇಲೆ, ಹಿಂದೆಂದೋ ಅವನೇ ಮೊಳೆಯಿಂದ ಕೊರೆದ ಗುರುತು ಹಾಗೇ ಇತ್ತು.

“ಇದು ನಂದೇ ಅಂತ ಬಂದ ದಿನಾನೇ ನನ್ನ ಕೈಗಿ ಗೊತ್ತಾಗ್ಯಾದ. ನನಗ ಒಂದು ಮಾತು ಕೇಳ್ಲಾಕ ನಿನಗೇನಾಗಿತ್ತು?”

ನಾಚಿಕೆಯಿಂದ ಸತ್ತೆ. ಮರುದಿನವೇ ಹಲಬರ್ಗಾಕ್ಕೆ ಹೋಗಿ ಕೈಮುಗಿದೆ. “ಇರಲಿ ಬಿಡ್ರಿ ಭಾವ,” ಎಂದ ತಂಗಿಯ ಗಂಡ.

ಬಾಕಿಗೆ ಇಂದಿಗೂ ತುಕ್ಕು ಹಿಡಿದಿಲ್ಲ. ತಂಗಿಯ ಗಂಡ ನಮ್ಮ ಮನೆಗೆ ಬಂದಾಗಲೆಲ್ಲ, ಹೊರಡುವ ಮುಂಚೆ ಹೊಸ್ತಿಲ ಬಳಿ ತನ್ನ ಚೀಲ ಇಳಿಸಿ ಅದರ ಬಾಯಿ ಅಗಲಿಸಿ ಹಿಡಿಯುತ್ತಾನೆ.

“ನೋಡ್ಕೋರಿ ಭಾವ.”

ತಂಗಿ ಪಕ್ಕದಲ್ಲಿ ನೆಲ ನೋಡುತ್ತ ನಿಂತಿರುತ್ತಾಳೆ.