ಮಿಸೆಸ್ ಟಾರ್ಪ್ಲಿ ಕೊಟ್ಟ ಮಾತು

ನಮ್ಮ ರಾಜ್ಯದ ಗ್ರಂಥಪಾಲಕರ ಸಂಘಕ್ಕೆ ನೂರು ವರ್ಷ ತುಂಬುತ್ತಿದೆಯಂತೆ. ನೆನಪಿನ ಪುಸ್ತಕಕ್ಕಾಗಿ ಒವೆಲಾ ಟಾರ್ಪ್ಲಿಯವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನನಗೆ ಕಾಗದ ಬಂದಿದೆ. ಬರಹ ಸ್ಫೂರ್ತಿ ಕೊಡುವಂತಿರಲಿ ಎಂಬ ಸೂಚನೆಯೂ ಜೊತೆಗಿದೆ. ಆ ಸಂಘದ ಆಡಳಿತ ಮಂಡಳಿಯಲ್ಲಿ ಕೂತ ಮೊದಲ ಕಪ್ಪು ಹೆಂಗಸು ಆಕೆ, ನಿಜ. ಆದರೆ ಕೂರಿಸಿದವರು ಆಮೇಲೆ ಏನು ಮಾಡಿದರು ಎಂಬುದನ್ನು ಬಿಟ್ಟು ಪುಟ ತುಂಬಿಸುವ ವಿದ್ಯೆ ನನಗೆ ಬರುವುದಿಲ್ಲ. ನನಗೆ ಎಂಬತ್ತಾರಾಯಿತು. ಆ ದಿನಗಳನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ, ಆದ್ದರಿಂದ ಒಂದು ಪುಟಕ್ಕೆ ನಿಲ್ಲಿಸುವುದಿಲ್ಲ.

ಒವೆಲಾ ಎಂದು ಇಲ್ಲಿ ಬರೆದಿದ್ದೇನೆಯೇ ಹೊರತು ಬಾಯಿಬಿಟ್ಟು ಎಂದೂ ಹಾಗೆ ಕರೆದವಳಲ್ಲ. ಆಗ ಅಮೆರಿಕದ ದಕ್ಷಿಣದ ನಮ್ಮ ಊರುಗಳಲ್ಲಿ, ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ಶಾಲಾ ಇಲಾಖೆಯಲ್ಲಿ ಬಿಳಿಯರೆಲ್ಲ ನಮ್ಮನ್ನು ಬರೀ ಹೆಸರು ಹಿಡಿದೇ ಕೂಗುತ್ತಿದ್ದರು; ಕೂದಲು ನೆರೆತ ಹೆಂಗಸಿಗೂ ಬೇರೆ ಮರ್ಯಾದೆ ಇರಲಿಲ್ಲ. ಅದಕ್ಕೇ ನಮ್ಮ ಕಪ್ಪು ಗ್ರಂಥಪಾಲಕರ ಸಂಘದಲ್ಲಿ ಒಂದು ಕಟ್ಟುಪಾಡಿತ್ತು. ವರ್ಷಕ್ಕೊಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಎರಡು ದಿನವೂ ನಾವೆಲ್ಲ ಮಿಸೆಸ್ ಟಾರ್ಪ್ಲಿ, ಮಿಸೆಸ್ ಪ್ಯೂ, ಮಿಸೆಸ್ ಕ್ರೂಸ್. ಕ್ರೂಸ್ ಎಂದರೆ ನಾನು, ಐಡೆಲಾ ಕ್ರೂಸ್, ಸಂಘದ ಕಾರ್ಯದರ್ಶಿ. ಹೆಸರು ಕೂಗಿದಾಗ ಒಬ್ಬೊಬ್ಬರೇ ಎದ್ದು ತಮ್ಮ ಶಾಲೆಯ ಹೆಸರನ್ನೂ ಅಲ್ಲಿರುವ ಪುಸ್ತಕಗಳ ಸಂಖ್ಯೆಯನ್ನೂ ಹೇಳಬೇಕು. ಇನ್ನೂರು ಪುಸ್ತಕ ಇರುವವರಿಗೂ ಎರಡು ಸಾವಿರ ಇರುವವರಿಗೂ ಒಂದೇ ಸಮ ಚಪ್ಪಾಳೆ.

ಮಿಸೆಸ್ ಟಾರ್ಪ್ಲಿ ಪೈನ್ ಕಾಡಿನಲ್ಲಿ ರಾಳ ಇಳಿಸುವವರ ಮಗಳು. ಗಂಡ ಕ್ಷೌರದಂಗಡಿ ಇಟ್ಟಿದ್ದರು, ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಕ್ಯಾರೋ ಸ್ಪ್ರಿಂಗ್ಸ್‌ನ ಕಪ್ಪು ಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಅವರು ಲೈಬ್ರರಿ ನಡೆಸಿದರು. ಬಿಳಿಯರ ಶಾಲೆಯಲ್ಲಿ ಹರಿದು ಹಾಳಾದ ಪುಸ್ತಕಗಳು ಪ್ರತಿ ಜೂನ್‌ನಲ್ಲಿ ಲಾರಿಯಲ್ಲಿ ಬಂದು ನಮ್ಮ ಶಾಲೆಗಳ ಮುಂದೆ ಬೀಳುತ್ತಿದ್ದವು. ರಟ್ಟಿನ ಒಳಗೆ ಬಿಳಿ ಮಕ್ಕಳ ಹೆಸರು, ಕೆಲವೊಮ್ಮೆ ನಮ್ಮನ್ನು ಉದ್ದೇಶಿಸಿ ಬರೆದ ಹೊಲಸು ಮಾತು. ಅದರ ಮೇಲೆಲ್ಲ ಮಿಸೆಸ್ ಟಾರ್ಪ್ಲಿ ಮೈದಾ ಅಂಟಿನಲ್ಲಿ ಬಿಳಿ ಕಾಗದ ಮೆತ್ತುತ್ತಿದ್ದರು. ಕೊನೆಯ ಪುಟಗಳು ಕಿತ್ತುಹೋಗಿದ್ದರೆ ಒಹಾಯೋದಲ್ಲಿದ್ದ ಪರಿಚಯದ ಗ್ರಂಥಪಾಲಕಿಗೆ ಬರೆದು, ಆ ಪುಟಗಳ ನಕಲು ತರಿಸಿ, ಟೈಪು ಮಾಡಿ ಹೊಲಿಯುತ್ತಿದ್ದರು.

"ಅರ್ಧ ಕಥೆ ಓದಿಸಿ ಮಕ್ಕಳನ್ನ ಮನೆಗೆ ಕಳಿಸೋಕಾಗುತ್ತೇನ್ರೀ? ಕೊನೇಗೆ ಏನಾಯ್ತು ಅಂತ ತಿಳ್ಕೊಳ್ಳೋದು ಅವರ ಹಕ್ಕು," ಎನ್ನುತ್ತಿದ್ದರು.

ಸಾವಿರದೊಂಬೈನೂರ ಅರವತ್ತಾರರಲ್ಲಿ ಅವರು ನಮ್ಮ ಸಂಘದ ಅಧ್ಯಕ್ಷೆ. ಬಿಳಿಯರ ರಾಜ್ಯ ಸಂಘ ನಮ್ಮನ್ನು ಸೇರಿಸಿಕೊಳ್ಳದಿದ್ದರೆ ದೇಶದ ದೊಡ್ಡ ಸಂಘದಲ್ಲಿ ಅವರ ಸ್ಥಾನ ಹೋಗುತ್ತದೆ ಎಂಬ ಸ್ಥಿತಿ ಬಂದಿತ್ತು. ಅದುವರೆಗೆ ನಮ್ಮ ಅರ್ಜಿಗಳಿಗೆ ಉತ್ತರವನ್ನೂ ಕೊಡದವರಿಗೆ ನಮ್ಮ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿತು. ಅವರ ಅಧ್ಯಕ್ಷೆ ಮಿಸ್ ಹ್ಯಾಸ್ಕೆಲ್, ಮಿಸೆಸ್ ಟಾರ್ಪ್ಲಿಯವರನ್ನು ತಮ್ಮ ಮನೆಗೇ ಕರೆಸಿಕೊಂಡರು. ನಮ್ಮವರಿಗೆ ಹಿತ್ತಲ ಬಾಗಿಲೇ ಗತಿಯಾಗಿದ್ದ ಕಾಲದಲ್ಲಿ ಮುಂಬಾಗಿಲಿನಿಂದಲೇ ಒಳಗೆ ಕರೆದು, ಊಟದ ಮೇಜಿಗೆ ಕೂರಿಸಿ, ಕೈಯಾರೆ ಕಾಫಿ ಬಗ್ಗಿಸಿದರು. ಕೇಕು ತಂದಿಟ್ಟ ಅಡಿಗೆಯವಳು ನಮ್ಮ ಚರ್ಚಿನಲ್ಲೇ ಹಾಡುವವಳು. ಅವಳೂ ಮಿಸೆಸ್ ಟಾರ್ಪ್ಲಿಯವರೂ ಒಬ್ಬರಿಗೊಬ್ಬರು ಗುರುತಿಲ್ಲದವರಂತೆ ಇದ್ದರಂತೆ.

ಎರಡು ಸಂಘ ಒಂದಾಗಬೇಕು, ನಮ್ಮದು ಮುಚ್ಚಬೇಕು, ಇದು ಅವರ ಮಾತು. ಮಿಸೆಸ್ ಟಾರ್ಪ್ಲಿ ಕೇಳಿದ್ದು ಒಂದೇ. ಶಾಲೆಗಳೂ ಇವತ್ತಲ್ಲ ನಾಳೆ ಒಂದಾಗುತ್ತವೆ. ಆಗ ನಮ್ಮ ನಲವತ್ಮೂರು ಜನರಲ್ಲಿ ಒಬ್ಬರಿಗೂ ಲೈಬ್ರರಿ ಕೈತಪ್ಪಬಾರದು. ಮಿಸ್ ಹ್ಯಾಸ್ಕೆಲ್ ಅವರ ಅಣ್ಣ ರಾಜ್ಯದ ಶಿಕ್ಷಣ ಮಂಡಳಿಯಲ್ಲಿದ್ದರು. ಅಣ್ಣನೊಡನೆ ಮಾತಾಡಿದ್ದೇನೆ, ಒಬ್ಬರ ಕೆಲಸವೂ ಹೋಗುವುದಿಲ್ಲ, ಇದು ನನ್ನ ಮಾತು ಎಂದು ಆಕೆ ಮಿಸೆಸ್ ಟಾರ್ಪ್ಲಿಯವರ ಕೈ ಹಿಡಿದು ಹೇಳಿದರು.

ನಮ್ಮ ಕೊನೆಯ ಸಭೆಯಲ್ಲಿ ಮಿಸೆಸ್ ಟಾರ್ಪ್ಲಿ ಇದನ್ನೆಲ್ಲ ನಮ್ಮ ಮುಂದಿಟ್ಟರು. ಮಿಸೆಸ್ ಪ್ಯೂ ಎದ್ದು ನಿಂತರು. ಡಿಲ್ಬೆಕ್ ಎಂಬ ಕುಗ್ರಾಮದ ಶಾಲೆಯವರು, ನಾಲಿಗೆ ಬಲು ಚುರುಕು.

"ಕಾಗದದ ಮೇಲೆ ಇದೆಯೇನ್ರೀ ಅದು?"

"ಇಲ್ಲ, ಮಿಸೆಸ್ ಪ್ಯೂ."

"ಮನೇಲಿ ಬೆಕ್ಕು ಮರಿ ಹಾಕಿದ್ರೂ ಕ್ಯಾಟಲಾಗ್ ಕಾರ್ಡು ಬರೆದಿಡೋ ಹೆಂಗಸು ನೀವು. ಇದನ್ನ ಯಾಕೆ ಬರೆಸ್ಕೊಳ್ಳಲಿಲ್ಲ?"

ಎಲ್ಲರೂ ನಕ್ಕರು. ಮಿಸೆಸ್ ಟಾರ್ಪ್ಲಿ ನಗಲಿಲ್ಲ. "ಬಿಳಿ ಹೆಂಗಸಿನ ಮನೇಲಿ ಕೂತು, ಅವಳ ಕಾಫಿ ಕುಡೀತಾ, ಬರೆದುಕೊಡಮ್ಮ ಅಂದ್ರೆ ಏನರ್ಥ? ನೀನು ಸುಳ್ಳಿ ಅಂತ ಮುಖಕ್ಕೆ ಹೇಳಿದ ಹಾಗೆ. ಹಾಗಂದು ನಾನು ಬಾಗಿಲು ದಾಟಿ ಹೊರಗೆ ಬರ್ತಿದ್ದೆ, ಅಷ್ಟೇ. ಮಾತು ಅಲ್ಲಿಗೇ ಮುಗೀತಿತ್ತು. ನೀವು ಅವರ ಮಾತು ನಂಬಬೇಡಿ. ನನ್ನ ಮಾತು ನಂಬಿ. ನಿಮ್ಮ ಕೆಲಸ ಉಳಿಯುತ್ತೆ."

ಸುಳ್ಳಿ ಎಂದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಕೈಗಳು ಒಂದೊಂದಾಗಿ ಮೇಲೆದ್ದವು. ಕೊನೆಗೆ ಎತ್ತಿದವರು ಮಿಸೆಸ್ ಪ್ಯೂ.

"ಎತ್ತಿದೀನಿ ನೋಡಿ. ಆ ಸಂಘಕ್ಕಲ್ಲ, ನಿಮಗೆ," ಎಂದರು.

ಆ ಮಾತನ್ನೂ ಸೇರಿಸಿ ಎಲ್ಲವನ್ನೂ ನಾನು ನಡಾವಳಿ ಪುಸ್ತಕದಲ್ಲಿ ಬರೆದೆ. ಒಪ್ಪಂದದಂತೆ ನಮ್ಮ ಇಪ್ಪತ್ತೆಂಟು ವರ್ಷದ ನಡಾವಳಿಗಳನ್ನು ಪೆಟ್ಟಿಗೆಗೆ ತುಂಬಿ ಹೊಸ ಸಂಘದ ಕಚೇರಿಗೆ ಒಪ್ಪಿಸಿದ್ದೂ ನಾನೇ. ಮಿಸೆಸ್ ಟಾರ್ಪ್ಲಿಯವರಿಗೆ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಸಿಕ್ಕಿತು. ಮೊದಲ ಜಂಟಿ ಸಮ್ಮೇಳನದಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಚೀಟಿ ಕೊಟ್ಟರು. ಬಿಳಿಯರ ಚೀಟಿಗಳಲ್ಲಿ ಮಿಸ್, ಮಿಸೆಸ್ ಎಲ್ಲ ಇತ್ತು. ಇವರದ್ದರಲ್ಲಿ ಬರೀ 'ಒವೆಲಾ'. ಇವರು ಚೀಟಿ ಮಗುಚಿ, ಹಿಂಬದಿಯಲ್ಲಿ ಪೆನ್ನಿನಿಂದ 'ಮಿಸೆಸ್ ಟಾರ್ಪ್ಲಿ' ಎಂದು ದಪ್ಪಗೆ ಬರೆದು ಸಿಕ್ಕಿಸಿಕೊಂಡರು.

ನಾಲ್ಕು ವರ್ಷಕ್ಕೆ ಶಾಲೆಗಳು ಒಂದಾದವು. ಒಂದಾಗುವುದೆಂದರೆ ನಮ್ಮವನ್ನು ಮುಚ್ಚುವುದು ಎಂದು ಆಗಲೇ ನಮಗೆ ತಿಳಿದದ್ದು. ನಲವತ್ಮೂರರಲ್ಲಿ ಮೂವತ್ತೊಂದು ಜನರಿಗೆ ಲೈಬ್ರರಿ ಹೋಯಿತು. ಕಾನೂನಿನ ಕಣ್ಣಿಗೆ ಮಣ್ಣೆರಚಲು ಕೆಲವರಿಗೆ ಬೇರೆ ಕೆಲಸ ಕೊಟ್ಟರು. ನನ್ನನ್ನು ಪಠ್ಯಪುಸ್ತಕದ ಉಗ್ರಾಣಕ್ಕೆ ಹಾಕಿದರು; ಮಿಸೆಸ್ ಪ್ಯೂ ಅವರನ್ನು ಮಕ್ಕಳ ಊಟದ ಚೀಟಿ ಹರಿಯಲು ನಿಲ್ಲಿಸಿದರು. ಡಿಲ್ಬೆಕ್ ಶಾಲೆಯ ಪುಸ್ತಕಗಳನ್ನು ಊರಾಚೆಯ ಕಸದ ಗುಂಡಿಗೆ ಸುರಿದರು. ಅರವತ್ತೆರಡರ ಮಿಸೆಸ್ ಪ್ಯೂ ಗುಂಡಿಗಿಳಿದು ಮಂಕರಿಯಲ್ಲಿ ತುಂಬಿಕೊಂಡು ಬಂದರು. ಅರ್ಧದಷ್ಟು ಅಷ್ಟರಲ್ಲಾಗಲೇ ಸುಟ್ಟುಹೋಗಿದ್ದವು. ಮಿಸೆಸ್ ಟಾರ್ಪ್ಲಿಯವರಿಗೆ ಜಿಲ್ಲಾ ಕಚೇರಿಯಲ್ಲಿ ಸಲಹೆಗಾರ್ತಿ ಎಂಬ ಹುದ್ದೆ. ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಸಲಹೆ ಕೇಳಲು ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

ಅವರು ಮಿಸ್ ಹ್ಯಾಸ್ಕೆಲ್‌ಗೆ ಆರು ಕಾಗದ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಅದರ ಬದಲು ಎಪ್ಪತ್ತೊಂದರ ಸಮ್ಮೇಳನದಲ್ಲಿ ಸಂಘದ ಉಪಾಧ್ಯಕ್ಷ ಸ್ಥಾನಕ್ಕೆ ಇವರ ಹೆಸರನ್ನೇ ಸೂಚಿಸಿದರು, ಎದುರಾಳಿ ಇಲ್ಲದೆ. ಉಪಾಧ್ಯಕ್ಷೆಯಾದವಳು ಮರುವರ್ಷ ಅಧ್ಯಕ್ಷೆಯಾಗುವುದು ಅಲ್ಲಿನ ಪದ್ಧತಿ. ಬಾಯಿ ಮುಚ್ಚಿಕೊಂಡಿರಲು ಅದಕ್ಕಿಂತ ದೊಡ್ಡ ಲಂಚ ಬೇಕೇ?

ಸಮ್ಮೇಳನದ ಹಿಂದಿನ ದಿನ ಮಧ್ಯಾಹ್ನ ಹೋಟೆಲಿನ ಮೆಟ್ಟಿಲ ಮೇಲೆ ಅವರು ನನ್ನನ್ನು ತಡೆದು ನಿಲ್ಲಿಸಿದರು.

"ನಾಳೆ ಬೆಳಿಗ್ಗೆ ಸಭೇಲಿ ಕೇಳ್ತೀನಿ, ಮಿಸೆಸ್ ಕ್ರೂಸ್. ಆ ಮಾತು ಎಲ್ಲಿ ಹೋಯ್ತು ಅಂತ."

"ಮಧ್ಯಾಹ್ನ ಓಟು ಇದೆಯಲ್ರೀ. ಗೆದ್ದು ಕೂತ್ಮೇಲೆ ಕೇಳಿ. ಆಗ ಅಧಿಕಾರಾನೂ ಇರುತ್ತೆ."

"ಗೆದ್ದ ಮೇಲೆ ಕೇಳಿದ್ರೆ, ನಾವು ಕೊಟ್ಟ ಕುರ್ಚೀಲೇ ಕೂತು ನಮ್ಮನ್ನೇ ಬೈತಾಳೆ ಅಂತಾರೆ. ನಿಮ್ಮೆಲ್ಲರ ಕೆಲಸ ತಿಂದು ನಾನು ಉಪಾಧ್ಯಕ್ಷೆ ಆಗಲಾ? ನೀವು ಅವತ್ತಿನ ಕಾರ್ಯದರ್ಶಿ. ಅವರು ಸಾಕ್ಷಿ ಕೇಳಿದ್ರೆ ಎದ್ದು ನಿಂತು, ಹೌದು, ನಾನೇ ಬರೆದಿದ್ದೆ ಅಂತೀರಾ?"

"ಅಂತೀನಿ," ಎಂದೆ. ಮನಸಾರೆ ಹೇಳಿದ ಮಾತೇ ಅದು.

ಮರುದಿನ ಬೆಳಿಗ್ಗೆ ಕಾರ್ಯಸೂಚಿಯಲ್ಲಿ 'ಇತರೆ ವಿಷಯಗಳು' ಬಂದಾಗ ಮಿಸೆಸ್ ಟಾರ್ಪ್ಲಿ ಎದ್ದರು. ಐನೂರು ಜನ. ದನಿ ಏರಿಸದೆ, ಯಾವ ದಿನ, ಯಾರ ಮನೆ, ಯಾವ ಮಾತು ಎಂದೆಲ್ಲ ಹೇಳಿದರು. ಕೆಲಸ ಕಳೆದುಕೊಂಡ ಮೂವತ್ತೊಂದು ಹೆಸರುಗಳನ್ನೂ ಮಿಸೆಸ್ ಸಮೇತ ಓದಿದರು. ಮಾಜಿ ಅಧ್ಯಕ್ಷೆಯಾಗಿ ವೇದಿಕೆಯ ಮೇಲಿದ್ದ ಮಿಸ್ ಹ್ಯಾಸ್ಕೆಲ್ ಕನ್ನಡಕ ತೆಗೆದು ಒರೆಸಿಕೊಂಡರು.

"ಒವೆಲಾ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ. ಆದ್ರೆ ಅಂಥ ಮಾತು ಕೊಟ್ಟ ನೆನಪು ನನಗಿಲ್ಲ. ಕೊಡೋಕೆ ನಾನ್ಯಾರು, ಹೇಳಿ? ಎಲ್ಲಾದ್ರೂ ಬರೆದಿದೆಯಾ?"

"ನಮ್ಮ ಕೊನೇ ಸಭೆಯ ನಡಾವಳೀಲಿದೆ. ನಿಮ್ಮ ಕಚೇರಿಗೆ ಕೊಟ್ಟಿದೀವಿ."

ಸಂಘದ ಗುಮಾಸ್ತ ಎದ್ದು, ನೀರಿನ ಪೈಪು ಒಡೆದು ಆ ಪೆಟ್ಟಿಗೆ ನೆನೆದುಹೋಯಿತೆಂದೂ, ಬೂಷ್ಟು ಹಿಡಿದದ್ದರಿಂದ ಎಸೆದರೆಂದೂ ಹೇಳಿದ. ಇಪ್ಪತ್ತೆಂಟು ವರ್ಷದ ನಮ್ಮ ಬಾಳನ್ನು ಒಂದು ವಾಕ್ಯದಲ್ಲಿ ತೊಳೆದು ಬಿಸಾಕಿ ಕೂತುಕೊಂಡ.

"ಹಾಗಾದ್ರೆ ಆ ಸಭೇಲಿ ಇದ್ದವರು ಯಾರಾದ್ರೂ ಇಲ್ಲಿದಾರಾ? ಇದ್ರೆ ಹೇಳಬಹುದು," ಎಂದರು ಮಿಸ್ ಹ್ಯಾಸ್ಕೆಲ್.

ಲೈಬ್ರರಿ ಹೋದವರಿಗೆ ಸಮ್ಮೇಳನಕ್ಕೆ ಬರುವ ಹಕ್ಕೂ ಹೋಗಿತ್ತು; ಉಳಿಸಿಕೊಂಡ ಹನ್ನೆರಡು ಜನ ಹೆದರಿ ಬಂದಿರಲಿಲ್ಲ; ಪುಸ್ತಕದ ಉಗ್ರಾಣ ಎಂಬ ನೆಪದಲ್ಲಿ ನನ್ನ ಸದಸ್ಯತ್ವ ಮಾತ್ರ ಉಳಿದಿತ್ತು. ಆ ಸಭೆಯಲ್ಲಿದ್ದವರಲ್ಲಿ ಅಲ್ಲಿಗೆ ಬಂದವಳು ನಾನೊಬ್ಬಳು, ಮಿಸೆಸ್ ಟಾರ್ಪ್ಲಿಯವರ ಹಿಂದೆ ಮೂರನೆಯ ಸಾಲಿನಲ್ಲಿ. ಅತಿಥಿಯಾಗಿ ಬಂದಿದ್ದ ನನ್ನ ಜಿಲ್ಲೆಯ ಶಾಲಾ ಅಧಿಕಾರಿ ವೇದಿಕೆಯ ತುದಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ನನ್ನನ್ನೇ ನೋಡುತ್ತಿದ್ದ. ನನ್ನ ಗಂಡ ಲಿಯಾಂಡರ್‌ಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಅವನ ಔಷಧ, ಆಸ್ಪತ್ರೆ ಎಲ್ಲ ನಡೆಯುತ್ತಿದ್ದುದು ನನ್ನ ಆ ಉಗ್ರಾಣದ ಕೆಲಸದಿಂದ. ಇವೆಲ್ಲ ಕಾರಣಗಳೇ. ಸುಳ್ಳು ಕಾರಣಗಳೂ ಅಲ್ಲ. ಆದರೂ ಹೆದರಿಕೆಯನ್ನು ಹೆದರಿಕೆ ಎಂದೇ ಕರೆಯಬೇಕು. ನಾನು ಏಳಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಕೊಂಡಿಯನ್ನು ಬಿಗಿಯಾಗಿ ಹಿಡಿದು ಕೂತೆ.

ಮಿಸೆಸ್ ಟಾರ್ಪ್ಲಿ ಒಮ್ಮೆ ತಿರುಗಿ ನನ್ನ ಕಡೆ ನೋಡಿದ್ದರೆ ಸಾಕಿತ್ತು, ಐನೂರು ಜನಕ್ಕೂ ಗೊತ್ತಾಗುತ್ತಿತ್ತು. ತಿರುಗಲಿಲ್ಲ. ಹೆಸರನ್ನೂ ಹೇಳಲಿಲ್ಲ. "ಯಾರೂ ಇಲ್ಲ ಅಂತ ಕಾಣುತ್ತೆ," ಎಂದು ಕುಳಿತರು. ಮಧ್ಯಾಹ್ನ ಸಭಿಕರ ನಡುವಿನಿಂದ ಉಪಾಧ್ಯಕ್ಷ ಸ್ಥಾನಕ್ಕೆ ಇನ್ನೊಂದು ಹೆಸರು ಬಂತು, ಮಿಸೆಸ್ ಟಾರ್ಪ್ಲಿ ಸೋತರು. ಮಂಡಳಿಯ ಕುರ್ಚಿಗೂ, ಕಿಟಕಿಯಿಲ್ಲದ ಕೋಣೆಗೂ ಆ ವಾರವೇ ರಾಜೀನಾಮೆ ಬರೆದರು.

ಆಮೇಲೆ ಅವರು ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಹಳೇ ಪ್ಲಿಮತ್ ಕಾರು ಹತ್ತಿ, ಕೆಲಸ ಕಳೆದುಕೊಂಡ ಒಬ್ಬೊಬ್ಬರ ಮನೆಗೂ ಹೊರಟರು, ಕ್ಷಮೆ ಕೇಳುವುದಕ್ಕೆ. ಅದೂ ನಮ್ಮ ಸಭೆಯಲ್ಲಿ ಹೆಸರು ಕೂಗುತ್ತಿದ್ದ ಎ-ಬಿ-ಸಿ ಅಕ್ಷರಗಳ ಸಾಲು ತಪ್ಪದಂತೆ. ಇವತ್ತು ರಾಜ್ಯದ ಈ ತುದಿ, ನಾಳೆ ಆ ತುದಿ. ದಾರಿಯಲ್ಲಿ ಸಿಕ್ಕ ಮನೆಗೂ ಅದರ ಸರದಿ ಬಾರದೆ ಹೋಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ, ಅಕ್ಷರಸಾಲಿನ ಅರ್ಧ ದಾಟಿದ್ದಾಗ, ರಸ್ತೆ ಬದಿ ಕಾರು ನಿಲ್ಲಿಸಿದವರು ಹಾಗೇ ಹೋಗಿಬಿಟ್ಟಿದ್ದರು. ಎದೆಬಡಿತ ನಿಂತಿತ್ತು. ಅರವತ್ತು ವರ್ಷ. ಮಿಸೆಸ್ ಪ್ಯೂ ಅವರ ಸರದಿ ಬಂದಿರಲೇ ಇಲ್ಲ.

"ಬಂದಿದ್ರೆ ಚೆನ್ನಾಗಿ ಬೈತಿದ್ದೆ ಕಣಮ್ಮ," ಎಂದರು ಮಿಸೆಸ್ ಪ್ಯೂ, ಮಣ್ಣು ಮಾಡಿ ಬರುವಾಗ. "ಆಮೇಲೆ ಹೊಟ್ಟೆ ತುಂಬ ಉಣ್ಣಿಸಿ ಕಳಿಸ್ತಿದ್ದೆ."

ನನ್ನ ಮನೆಗೆ ಅವರು ಬಂದದ್ದು ಜೂನ್ ಎರಡನೆಯ ವಾರ. ಕಾರಿನ ಸದ್ದು ಕೇಳಿ ಕಿಟಕಿಯಿಂದ ನೋಡಿದೆ. ಸಮ್ಮೇಳನ ಮುಗಿದ ಮೇಲೆ ನಾನು ಅವರಿಗೆ ಮುಖ ತೋರಿಸಿರಲಿಲ್ಲ. ಬಾಗಿಲು ತೆರೆದಾಗ ಜಗಲಿಯ ಮೇಲೆ ಟೋಪಿ ಹಾಕಿಕೊಂಡು, ಚರ್ಚಿಗೆ ಹೊರಟವರ ಉಡುಪಿನಲ್ಲಿ ನೆಟ್ಟಗೆ ನಿಂತಿದ್ದರು. ಒಳಗೆ ಬನ್ನಿ ಎಂದೆ. ತಲೆ ಅಲ್ಲಾಡಿಸಿದರು.

"ನಿಂತೇ ಹೇಳಬೇಕು, ಮಿಸೆಸ್ ಕ್ರೂಸ್. ನಿಮ್ಮ ಲೈಬ್ರರಿ ಉಳಿಯುತ್ತೆ ಅಂತ ನಾನು ನಿಮಗೆ ಮಾತು ಕೊಟ್ಟೆ. ಅದನ್ನ ನಂಬಿ ನೀವು ಕೈಯೆತ್ತಿದ್ರಿ. ಉಳಿಸ್ಕೊಡೋಕೆ ನನ್ನ ಕೈಲಾಗಲಿಲ್ಲ. ನನ್ನನ್ನ ಕ್ಷಮಿಸಬೇಕು."

ಇನ್ನೊಂದು ಮಾತು ಬರುತ್ತದೆಂದು ನಾನು ಕಾದೆ. ನೀವು ಯಾಕೆ ಏಳಲಿಲ್ಲ ಎಂದು ಕೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಅವರು ಕೇಳಲಿಲ್ಲ. ಮುಖದಲ್ಲಿ ಕೋಪವೂ ಇರಲಿಲ್ಲ, ಅದು ಗೊತ್ತೇ ಇಲ್ಲ ಎಂಬ ನಟನೆಯೂ ಇರಲಿಲ್ಲ. ತಾವು ಕೇಳಿದ ಕ್ಷಮೆಗೆ ಉತ್ತರ ಬರಲಿ ಎಂದು ನಿಂತಿದ್ದರು. ಒಳಗಿನಿಂದ ಲಿಯಾಂಡರ್ ನೀರಿಗೆ ಕೂಗಿದ.

"ಕ್ಷಮಿಸಿದೀನಿ, ಮಿಸೆಸ್ ಟಾರ್ಪ್ಲಿ," ಎಂದೆ.

ಅವರು ಥ್ಯಾಂಕ್ಸ್ ಹೇಳಿ, ಕೈಗಂಬಿ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದು ಕಾರು ಹತ್ತಿದರು. ನಾನು ಲಿಯಾಂಡರ್‌ಗೆ ನೀರು ಕೊಡಲು ಒಳಗೆ ಹೋದೆ.